ಸಿಂಬಿ ಇಟ್ಟ ಜಾಗ

ಒಂದಾನೊಂದು ಊರು. ಊರಿಗೊಬ್ಬ ರಾಜ, ರಾಜನಿಗೊಂದು ಬೀದಿ, ಆ ಬೀದಿಯ ನಟ್ಟನಡುವೆ ಬುಟ್ಟಿ ಇಳಿಸಿಕೊಂಡು ಕೂತ ಒಬ್ಬ ಮುದುಕಿ. ಮೆರವಣಿಗೆ ಬರುವ ಹೊತ್ತು. ಏಳು ಮುದುಕಿ, ಎಂದರು ಸಿಪಾಯಿಗಳು. ಏಳುತ್ತೇನಪ್ಪಾ, ಬುಟ್ಟಿ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಈ ಬಟ್ಟೆಯ ಸಿಂಬಿ ಇದೆಯಲ್ಲ, ಇದು ಎಷ್ಟು ಅಗಲವೋ ಅಷ್ಟು ನೆಲ ನಿನ್ನದು ಅಂತ ರಾಜ ಒಂದು ಮಾತು ಹೇಳಲಿ, ಎದ್ದೇಬಿಡುತ್ತೇನೆ, ಎಂದಳು ಮುದುಕಿ. ಅಂಗೈ ಅಗಲದ ನೆಲ ಕೇಳಿದ್ದಕ್ಕೆ ರಾಜನಿಗೆ ನಗು ಬಂತು. ಕೊಟ್ಟೆ ಹೋಗು, ಎಂದ. ಮುದುಕಿ ಸಿಂಬಿಯನ್ನು ಅಲ್ಲೇ ಇಟ್ಟು, ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಆನೆ ಬಂತು. ರಾಜ ಕೊಟ್ಟ ಮಾತನ್ನು ತುಳಿಯುವ ಹಾಗಿಲ್ಲ, ಸುತ್ತುಹಾಕಿತು. ಕುದುರೆ ಬಂತು, ಸುತ್ತುಹಾಕಿತು. ಪಲ್ಲಕ್ಕಿ ಬಂತು, ಕಹಳೆಯವರು ಬಂದರು, ಕೊನೆಗೆ ರಾಜನೇ ಬಂದ. ಅವನೂ ಧೋತರ ಎತ್ತಿಕೊಂಡು ಸುತ್ತುಹಾಕಿದ.

“ಆಮ್ಯಾಲೆ?”

“ಆಮ್ಯಾಲೇನೈತಿ? ಎಲ್ಲಾರೂ ಸುತ್ತ ಹಾಕ್ಕೋತ ಹೋದ್ರು.”

“ಮುದುಕಿ ಹೊಳ್ಳಿ ಬರಲಿಲ್ಲೇನು?”

“ಬುಟ್ಟಿ ಖಾಲಿ ಆಗಬೇಕಲ್ಲ. ಆದಮ್ಯಾಲೆ ಬರತಾಳ. ಮಕ್ಕೋ ಈಗ.”

ಗೋವೆಯ ಮಡಗಾಂವಿನ ಮೋತಿ ಡೊಂಗರದ ಗುಡ್ಡದ ಮೇಲೆ, ತಗಡಿನ ಸೂರನ್ನು ಮಳೆ ಬಡಿಯುವ ಸದ್ದಿನಲ್ಲಿ, ಗೀತಾಂಜಲಿ ಈ ಕಥೆಯ ಕೊನೆಯನ್ನು ಕಾಯುತ್ತ ಕಾಯುತ್ತಲೇ ನಿದ್ದೆಹೋಗಿ ಬೆಳೆದವಳು. ಅಜ್ಜಿ ಶಿವವ್ವನನ್ನು ಅವಳು ಆಯಿ ಎಂದು ಕರೆಯುತ್ತಾಳೆ. ಕಣ್ಣು ಮುಚ್ಚಿದರೆ ಸಾಕು, ಯಾವುದೋ ಊರಿನ ಯಾವುದೋ ಬೀದಿಯ ನಡುವೆ ಒಂದು ಸಿಂಬಿ, ಬೆಕ್ಕಿನ ಹಾಗೆ ಮುದುರಿಕೊಂಡು, ಒಡತಿಯ ದಾರಿ ನೋಡುತ್ತ ಬಿದ್ದಿರುತ್ತಿತ್ತು. ಇವತ್ತು ಅದೇ ಸಿಂಬಿ ತನ್ನ ಹೆಗಲಚೀಲದೊಳಗಿದೆ ಎಂದು ನೆನೆದಾಗಲೆಲ್ಲ ಅವಳ ಎದೆ ಢವಗುಟ್ಟುತ್ತಿತ್ತು. ಅದು ಹೆದರಿಕೆಯೋ ಸಂಭ್ರಮವೋ ಅವಳಿಗೇ ತಿಳಿಯದು. ಸಭೆ ಅಂದರೆ ಅವಳಿಗೆ ಮೊದಲಿನಿಂದಲೂ ಇಷ್ಟ. ಬಹಳ ಜನ ಒಂದೇ ಕಡೆ ಕೂಡಿದಾಗ ಗಾಳಿಯೇ ಬೇರೆಯಾಗಿಬಿಡುತ್ತದೆ, ಏನೋ ಒಂದು ಆಗಿಯೇ ಆಗುತ್ತದೆ ಎನಿಸುತ್ತದೆ. ಪುರಸಭೆಯ ಸಭಾಂಗಣದಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಮೈಕು ಕುಂಯ್ ಎನ್ನುತ್ತಿತ್ತು, ಮಳೆ ಬಿಟ್ಟ ಬೆಳಗಿನ ಬಿಸಿಲು ಎತ್ತರದ ಕಿಟಕಿಗಳಿಂದ ಒಳಗೆ ಬಂದು ಕುರ್ಚಿಗಳ ಬೆನ್ನ ಮೇಲೆ ಕೂತಿತ್ತು. ಅವಳು ಬಂದದ್ದು ಚಹಾ ಕೊಡಲು. ಪೇಟೆಯ ಹಳೆಯ ಮನೆಯೊಂದನ್ನು ಕೆಫೆ ಮಾಡಿಕೊಂಡಿದ್ದ ಲುರ್ದಿನ್ ಬಾಯ್ ಎಂಬ ಹೆಂಗಸು ಸಭೆಗೆ ಚಹಾ, ಪ್ಯಾಟೀಸು ಒದಗಿಸಲು ಒಪ್ಪಿದ್ದರು. ಅವರ ಕೆಫೆಯಲ್ಲಿ ಕೆಲಸಕ್ಕಿರುವ ಗೀತಾಂಜಲಿ, ಅಲ್ಲಿ ಬರೀ ಅಂಜಲಿ, ಕಪ್ಪು ಏಪ್ರನ್ ಕಟ್ಟಿಕೊಂಡು ಥರ್ಮಾಸಿನ ಪಕ್ಕ ನಿಂತಿದ್ದಳು.

ಬೆಳಿಗ್ಗೆ ಹೊರಡುವಾಗ ಆಯಿ ಹೊಸ್ತಿಲ ಮೇಲೆ ಕೂತು ತನ್ನ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡಿನಿಂದ ಸಿಂಬಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಜೋಳದ ರೊಟ್ಟಿಯ ಬುಟ್ಟಿ, ಶೇಂಗಾ ಚಟ್ನಿಯ ಡಬ್ಬಿ. ಪೇಟೆಯ ಚೌಕದ ಬಾದಾಮಿ ಮರದ ಕೆಳಗೆ, ದಿನಗೂಲಿಯವರು ಬೆಳಗಾಗುತ್ತಲೇ ಬಂದು ನಿಂತು ಗುತ್ತಿಗೆದಾರರ ಗಾಡಿ ಕಾಯುವ ನಾಕಾದಲ್ಲಿ ಅವಳ ವ್ಯಾಪಾರ. ಗೋಡೆ ಕಟ್ಟುವ ಗೌಂಡಿಗಳು ಕರಣೆ ಹಿಡಿದು ನಿಲ್ಲುತ್ತಾರೆ, ಅಗೆಯುವವರು ಸಲಿಕೆ ಹಿಡಿದು. ಹೊರುವ ಹೆಂಗಸರು ಚಹಾಕ್ಕೋ ಎಲೆಅಡಿಕೆಗೋ ಆಚೆ ಹೋಗುವಾಗ ನಿಂತ ಜಾಗದಲ್ಲಿ ಸಿಂಬಿ ಇಟ್ಟು ಹೋಗುತ್ತಾರೆ. ಸಿಂಬಿ ಇರುವ ಜಾಗದಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ. ಎಷ್ಟೇ ಜಗಳವಿರಲಿ, ಎಷ್ಟೇ ಹಸಿವಿರಲಿ, ಇಡುವುದಿಲ್ಲ. ಈಗ ಪೇಟೆ ಹೊಸದಾಗುತ್ತಿದೆ. ಚೌಕದಲ್ಲಿ ಗಾಡಿ ಓಡಾಡದಂಥ ಬೀದಿ, ದೀಪದ ಕಂಬ, ಹೂವಿನ ಕುಂಡ. ನಾಕಾ ಊರಾಚೆಯ ಬೈಪಾಸಿಗೆ ಹೋಗಬೇಕು. ಆ ಮಾತಿಗೇ ಇವತ್ತಿನ ಸಭೆ.

“ಇದನ್ನ ಒಯ್ದು ಮುಂದಿನ ಸಾಲಿನ ಕುರ್ಚಿ ಮ್ಯಾಲೆ ಇಟ್ಟಬಿಡು. ರೊಟ್ಟಿ ಖಾಲಿ ಆದಕೂಡ್ಲೆ ಬರತೇನಿ,” ಎಂದಳು ಆಯಿ.

“ಅಲ್ಲೆಲ್ಲಾ ಹಂಗ ನಡಿಯಂಗಿಲ್ಲ ಆಯಿ.”

“ಯಾಕ ನಡಿಯಂಗಿಲ್ಲ? ಮುಂದ ಕುಂತ್ರ ನನ್ನ ಮಾತು ಕೇಳತಾರ. ಹಿಂದ ನಿಂತ್ರ ನನ್ನ ಕೆಮ್ಮು ಕೇಳತಾರ. ಕೈ ಮ್ಯಾಲೆ ಕೈ ಹಾಕು.”

ಹಾಕಿದ್ದಳು. ಆಯಿಯ ಅಂಗೈ ಹಂಚಿನಷ್ಟು ಬಿಸಿಯಾಗಿತ್ತು. ಗುಡ್ಡದ ಮೆಟ್ಟಿಲು ಇಳಿಯುವಾಗ ಎಷ್ಟು ಸುಲಭವೆನಿಸಿತ್ತು ಈ ಕೆಲಸ! ಚೀಲದಿಂದ ತೆಗೆಯುವುದು, ಇಡುವುದು. ಈಗ ಮುಂದಿನ ಸಾಲಿನಲ್ಲಿ ಇಸ್ತ್ರಿಯ ಅಂಗಿಗಳು, ಮುತ್ತಿನ ಓಲೆಗಳು, ಕೊಲೋನಿನ ವಾಸನೆ. ಏನದು, ಮೈ ಒರೆಸುವ ಬಟ್ಟೆಯೇ ಎಂದು ಯಾರಾದರೂ ಕೇಳಿದರೆ? ಚಹಾದ ಟ್ರೇ ಹಿಡಿದು ಅವಳು ಆ ಸಾಲಿನ ಮುಂದೆ ಹಾದುಹೋದಳು, ಇನ್ನೊಮ್ಮೆ ಹಾದುಹೋದಳು. ಪ್ರತಿಸಲ ಒಂದೊಂದು ಖಾಲಿ ಕುರ್ಚಿ ಕಡಿಮೆಯಾಗುತ್ತಿತ್ತು. ಮುಂದಿನ ಸುತ್ತಿಗೆ ಇಡುತ್ತೇನೆ. ಈ ಕಪ್ಪುಗಳು ಖಾಲಿಯಾಗಲಿ, ಆಮೇಲೆ ಇಡುತ್ತೇನೆ. ಚೀಲದೊಳಗೆ ಕೈ ಹಾಕಿ ಸಿಂಬಿಯನ್ನು ಮುಟ್ಟಿ ನೋಡುವಳು, ಕೈ ತೆಗೆಯುವಳು. ಅದರಲ್ಲಿ ಜೋಳದ ಹಿಟ್ಟಿನ, ಕೊಬ್ಬರಿ ಎಣ್ಣೆಯ, ಆಯಿಯ ನೆತ್ತಿಯ ವಾಸನೆಯಿತ್ತು. ಬೆರಳಿಗೆ ಹತ್ತಿದ ಆ ವಾಸನೆಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಒರೆಸಿಕೊಂಡದ್ದು ತಿಳಿದ ಕೂಡಲೇ ಕೆಫೆಯ ಗಾಜು ಕಣ್ಣಮುಂದೆ ಬಂತು. ಚೌತಿಗೆ ಮೊದಲಿನ ಒಂದು ದಿನ ಅವಳು ಒಳಗಿನಿಂದ ಸಾಬೂನು ನೀರು ಹಚ್ಚಿ ಗಾಜು ಒರೆಸುತ್ತಿದ್ದಳು. ಹೊರಗೆ ಬುಟ್ಟಿ ಹೊತ್ತ ಆಯಿ ಬಂದು ನಿಂತು, ಮೊಮ್ಮಗಳನ್ನು ಕಂಡು, ಮುಖವೆಲ್ಲ ನಗುವಾದಳು. ಹಿಂದೆ ಲುರ್ದಿನ್ ಬಾಯ್ ಇದ್ದರು, ಮೇಜುಗಳಲ್ಲಿ ಗಿರಾಕಿಗಳಿದ್ದರು. ಗೀತಾಂಜಲಿ ಒರೆಸುತ್ತಲೇ ಹೋದಳು. ನೊರೆ ಆಯಿಯ ಗಲ್ಲದ ಮೇಲೆ, ಮೂಗಿನ ಮೇಲೆ, ಕಣ್ಣಿನ ಮೇಲೆ ಹರಿಯಿತು. ನೊರೆ ಜಾರಿ ಇಳಿದಾಗ ಆಯಿ ನಗುತ್ತಿರಲಿಲ್ಲ. ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳಲೆಂದೇ ನಿಂತವಳಂತೆ ಹಣೆಯ ಕುಂಕುಮ ಸರಿಮಾಡಿಕೊಂಡು ಹೊರಟುಹೋದಳು. ಸಂಜೆ ಊಟಕ್ಕೆ ಕೂತಾಗ, “ನಿಮ್ಮ ಅಂಗಡಿ ಕನ್ನಡಿ ಭಾಳ ಚಲೋ ಐತಿ ಬಿಡು, ಕುಂಕುಮ ಸೊಟ್ಟಗಾಗಿದ್ದು ಕಾಣಿಸ್ತು,” ಎಂದಿದ್ದಳು. ಅಷ್ಟೇ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ವೇದಿಕೆಯ ಪಕ್ಕ ಹೊಸ ಪೇಟೆಯ ದೊಡ್ಡ ಚಿತ್ರವನ್ನು ನಿಲ್ಲಿಸಿದ್ದರು. ಬೆಳಿಗ್ಗೆ ಬಂದಾಗಿನಿಂದ ಗೀತಾಂಜಲಿ ಅದನ್ನು ಕದ್ದು ಕದ್ದು ನೋಡುತ್ತಿದ್ದಳು. ಅದು ಅವಳಿಗೆ ನಿಜಕ್ಕೂ ಹಿಡಿಸಿಬಿಟ್ಟಿತ್ತು, ಅದೇ ಕಷ್ಟ. ಕೆಂಪು ಹೆಂಚು, ಹಳದಿ ಗೋಡೆ, ಸಾಲುದೀಪ, ಬಲೂನು ಹಿಡಿದ ಮಗು, ನಾಯಿಯ ಜೊತೆ ಹೊರಟ ಒಬ್ಬ ಟೊಪ್ಪಿಗೆಯವ. ಆಯಿಯ ಕಥೆಗಳಲ್ಲಿ ಏಳು ಸಮುದ್ರದ ಆಚೆ ಇರುವ ಊರು ಹೀಗೇ ಇರುತ್ತಿತ್ತು, ಅವಳು ಕಣ್ಣಲ್ಲೇ ಅದರ ಬೀದಿಗಳಲ್ಲಿ ಓಡಾಡಿ ಬಂದಿದ್ದಳು. ಹೆಗಲಿಗೆ ಚೀಲ ಹಾಕಿಕೊಂಡು ನಡೆಯುತ್ತಿದ್ದ ಹುಡುಗಿಯೊಬ್ಬಳು ತಾನೇ ಇರಬೇಕೆಂದು ಗೊತ್ತುಮಾಡಿಕೊಂಡಳು. ಆಮೇಲೆ ಆಯಿಯನ್ನು ಹುಡುಕಿದಳು. ಬಾದಾಮಿ ಮರವಿತ್ತು, ಅದರ ಕೆಳಗೆ ಖಾಲಿ ಬೆಂಚಿತ್ತು. ಚಿತ್ರದಲ್ಲಿ ಎಲ್ಲರೂ ನಡೆಯುತ್ತಿದ್ದರು, ಇಲ್ಲವೇ ಕೂತಿದ್ದರು. ನಿಂತವರು ಯಾರೂ ಇರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಒಬ್ಬರೂ ನಿಲ್ಲುವುದಿಲ್ಲವೇ, ಏನನ್ನೂ ಕಾಯುವುದಿಲ್ಲವೇ ಎಂದು ಅವಳಿಗೆ ಸೋಜಿಗವಾಯಿತು.

“ಅಂಜಲಿ, ಕನಸು ಸಾಕು ಗೋ, ಆ ಕಡೆ ಚಹಾ ಬಂದಿಲ್ಲ,” ಎಂದು ಲುರ್ದಿನ್ ಬಾಯ್ ಕೊಂಕಣಿಯಲ್ಲಿ ಕೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರು ಪಕ್ಕದ ಕುರ್ಚಿಯ ಮೇಲೆ ತಮ್ಮ ಕಂದು ಪರ್ಸನ್ನು ಇಟ್ಟು, ಬರಲಿರುವ ಗೆಳತಿಗೆ ಜಾಗ ಹಿಡಿದಿದ್ದರು. ಆಗಲೇ ಗೀತಾಂಜಲಿಗೆ ಕಂಡದ್ದು: ಎಷ್ಟೊಂದು ಕುರ್ಚಿಗಳ ಮೇಲೆ ಜನರೇ ಇಲ್ಲ! ಒಂದರ ಮೇಲೆ ಮಡಿಸಿದ ಛತ್ರಿ, ಒಂದರ ಮೇಲೆ ಕರವಸ್ತ್ರ, ಒಂದರ ಮೇಲೆ ಪೇಪರು, ಇನ್ನೊಂದರ ಮೇಲೆ ಕನ್ನಡಕದ ಡಬ್ಬಿ. ಬಂದವರು ಅವನ್ನು ನೋಡಿ, ಸಣ್ಣಗೆ ತಲೆಯಾಡಿಸಿ, ಸುತ್ತಿಕೊಂಡು ಹಿಂದಿನ ಸಾಲಿಗೆ ಹೋಗುತ್ತಿದ್ದರು. ಅವಳ ಮೈ ಜುಮ್ಮೆಂದಿತು. ಇವರಿಗೂ ಗೊತ್ತು! ಇವರೂ ನಾಕಾದವರೇ! ಈ ಗುಟ್ಟನ್ನು ಯಾರ ಕಿವಿಯಲ್ಲಾದರೂ ಉಸುರದಿದ್ದರೆ ತಲೆ ಸಿಡಿದೇಹೋಗುತ್ತದೆ ಎನಿಸಿತು. ಚೀಲದೊಳಗೆ ಕೈ ಹೋಯಿತು. ಅಷ್ಟರಲ್ಲಿ ಹೊರಗೆ ಟೆಂಪೋ ನಿಂತ ಸದ್ದು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು, ಒಳಗೆ ಬಾಗಿಲ ಬಳಿ ಕೂತಿದ್ದ ಹೆಂಗಸೊಬ್ಬಳು ಹೆದರಿ ಚೀರಿದ ಸದ್ದು.

ಬಾಗಿಲಲ್ಲಿ ಶಂಕರಲಿಂಗ ನಿಂತಿದ್ದ. ಗುಡ್ಡದಲ್ಲಿ ಅವರ ಖೋಲಿಯ ಹಿಂದಿನ ಖೋಲಿಯವನು, ಗೌಂಡಿ, ಗೀತಾಂಜಲಿಯ ಬಾಯಲ್ಲಿ ಕಾಕಾ. ಅವನ ಹಿಂದೆ ಸಲಿಕೆ, ಗುದ್ದಲಿ, ಹಾರೆ ಹಿಡಿದ ನಾಲ್ಕಾರು ಗಂಡಸರು, ಬುಟ್ಟಿ ಹಿಡಿದ, ಹೊರುವ ಕೆಲಸದ ತುಳಸಿಬಾಯಿ. ಸಭೆ ಎದ್ದು ನಿಂತಿತು. ಚೌಕದ ಮೂಲೆಮನೆಯ ಮುದಿ ಡಾಕ್ಟರು, “ನೋಡಿ, ನಾನು ಹೇಳಲಿಲ್ಲವೇ, ಹೊಡೆಯಲಿಕ್ಕೇ ಬಂದರು!” ಎಂದು ಕೈಕೋಲು ಎತ್ತಿದರು. ವೇದಿಕೆಯ ಮೇಲಿದ್ದ, ಸಭೆ ಕರೆದ ಪುರಸಭೆಯ ಸಾಹೇಬರು ಮೈಕನ್ನು ಎದೆಗೆ ಅವುಚಿಕೊಂಡರು. ಶಂಕರಲಿಂಗ ಇಡೀ ಸಭಾಂಗಣವನ್ನು, ನುಣುಪಾದ ನೆಲವನ್ನು, ಒಂದೂ ಬಿರುಕಿಲ್ಲದ ಗೋಡೆಯನ್ನು ನಿಧಾನವಾಗಿ ನೋಡಿ, ವಿನಯದಿಂದ ಕೇಳಿದ:

“ಎಲ್ಲಿ ಅಗೀಬೇಕ್ರಿ?”

ಗೀತಾಂಜಲಿಗೆ ತಡೆಯಲಾಗದೆ ನಗು ಬಂತು. ಬೆಳಗಿನಿಂದ ಎದೆಯಲ್ಲಿ ಕಟ್ಟಿದ್ದೆಲ್ಲ ಒಡೆದು ನಗುವಾಗಿ ಹೊರಬಿತ್ತು. ಅವಳಿಗೆ ಎಲ್ಲವೂ ತಿಳಿದುಹೋಯಿತು. ನಾಕಾದವರ ಮಾತನ್ನೂ ಕೇಳೋಣವೆಂದು ಸಾಹೇಬರು ಅವರನ್ನು ಕರೆತರಲು ಟೆಂಪೋ ಕಳಿಸಿದ್ದಾರೆ, ಡ್ರೈವರು ದಿನವೂ ಕೂಗುವ ಹಾಗೆ ಮರದ ಕೆಳಗೆ ‘ಚಲಾ ಚಲಾ, ಆಟ್ ಜಣ್’ ಎಂದು ಎಂಟು ಜನರನ್ನು ಕೂಗಿದ್ದಾನೆ, ಇವರು ಹತ್ತಿಬಿಟ್ಟಿದ್ದಾರೆ. ಆ ಕೂಗು ಕೇಳಿದ ಮೇಲೆ ಯಾಕೆ, ಏನು ಎಂದು ನಾಕಾದಲ್ಲಿ ಯಾರೂ ಕೇಳುವುದಿಲ್ಲ. ಕೇಳುತ್ತ ನಿಂತವನ ಜಾಗಕ್ಕೆ ಇನ್ನೊಬ್ಬ ಹತ್ತಿರುತ್ತಾನೆ. ಅವಳು ಇದನ್ನು ಗಟ್ಟಿಯಾಗಿ ಕೊಂಕಣಿಯಲ್ಲಿ ಹೇಳಿದಳು: ಹೊಡೆಯಲು ಬಂದವರಲ್ಲ, ಕೆಲಸ ಸಿಕ್ಕಿತೆಂದು ಬಂದವರು. ಸಭೆ ಹೋ ಎಂದು ನಕ್ಕಿತು. ಡಾಕ್ಟರೂ ಕೋಲು ಇಳಿಸಿ ನಕ್ಕರು. ಆ ನಗು ಕಿವಿಗೆ ಬಿದ್ದ ಕೂಡಲೇ ಅವಳ ನಗು ಬಾಯಲ್ಲೇ ಒಣಗಿತು.

“ಏನಂದಿ ತಂಗಿ? ಎಲ್ಲಾರೂ ನಗಾಕತ್ತಾರ,” ಎಂದ ಶಂಕರಲಿಂಗ.

“ಕೆಲಸಕ್ಕಂತ ಬಂದೀರಿ ಅಂದೆ ಕಾಕಾ.”

“ಅದಕ್ಯಾಕ ನಗೂದು? ಮತ್ತ್ಯಾದಕ್ಕ ಬರತಾರ ಮಂದಿ?”

ಇವತ್ತು ಕೆಲಸವಿಲ್ಲ, ಮಾತಾಡಲು ಕರೆಸಿದ್ದಾರೆ ಎಂದು ಅವಳು ಬಿಡಿಸಿ ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಿನ ಹೋಯಿತು, ನಾಕಾಕ್ಕೆ ವಾಪಸು ಹೋದರೂ ಇಷ್ಟು ಹೊತ್ತಿಗೆ ಯಾರು ಕರೆಯುತ್ತಾರೆ? ಸಾಹೇಬರು ಕೂರಿ ಕೂರಿ ಎಂದು ಕೈ ಮಾಡಿದರು. ಅವರು ಕುರ್ಚಿಗಳ ಕಡೆ ನೋಡಿದರು. ಖಾಲಿಯಿದ್ದವುಗಳ ಮೇಲೆ ಛತ್ರಿ, ಪೇಪರು, ಕರವಸ್ತ್ರ. ಹಿಡಿದಿಟ್ಟ ಜಾಗವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಬ್ಬರೂ ಮುಟ್ಟಲಿಲ್ಲ. ಗೋಡೆಗುಂಟ ಸಾಲಾಗಿ, ಸಲಿಕೆಗಳನ್ನು ಮುಂದೆ ಊರಿಕೊಂಡು, ಮರದ ಕೆಳಗೆ ನಿಂತ ಹಾಗೆಯೇ ನಿಂತುಬಿಟ್ಟರು. ನಾಕಾ ಬೈಪಾಸಿಗೆ ಹೋದರೆ ನಿಮಗೆ ಒಪ್ಪಿಗೆಯೇ ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದ್ದೇ ತಡ, ಆ ಸಾಲಿನೊಳಗೇ ಜಗಳ ಹತ್ತಿತು, ಅದೂ ಕನ್ನಡದಲ್ಲಿ.

“ನಾ ಅಂತೂ ಹೋಗೂಣು ಅಂತೇನಿ,” ಎಂದ ಶಂಕರಲಿಂಗ. “ಇಲ್ಲಿ ಅಂಗಡಿ ತೊಳಿಯೂ ನೆವದಾಗ ಮೈಮ್ಯಾಲೆ ನೀರು ಉಗ್ಗತಾರ. ಅಲ್ಲಿ ಶೆಡ್ಡು ಕಟ್ಟಿಸ್ತಾರಂತ, ನಳ ಕೊಡತಾರಂತ, ಸಂಡಾಸ ಕಟ್ಟತಾರಂತ.”

“ನೀ ಹೋಗಪಾ, ಸಂಡಾಸದಾಗ ಕುಂದ್ರು!” ತುಳಸಿಬಾಯಿ ಬುಟ್ಟಿ ಕುಕ್ಕಿದಳು. “ನೀ ಗಂಡಸ ಅದಿ. ಬೈಪಾಸಿನಾಗ ಹೆಣ್ಣಹೆಂಗಸು ಒಬ್ಬಾಕಿ ನಿಂತ್ರ ಯಾವ ಗಾಡಿ ಯಾದಕ್ಕ ನಿಂದರತೈತಿ, ಗೊತ್ತೈತೇನು ನಿನಗ? ಇಲ್ಲಿ ಬೇಕರಿಯಾಂವ ನೋಡತಾನ, ಹೂವಿನಾಕಿ ನೋಡತಾಳ. ಶಿವವ್ವ ಕುಂತಿರತಾಳ. ಗಾಡಿ ಹತ್ತೂಮುಂದ ಆಕಿಗೆ ಹೇಳಿ ಹತ್ತತೇವಿ. ಸಂಜಿಕ ಒಬ್ಬಾಕಿ ಹೊಳ್ಳಿ ಬರಲಿಲ್ಲಂದ್ರ ಆ ಮುದುಕಿ ಚೌಕದಾಗಿಂದ ಏಳಂಗಿಲ್ಲ. ನಿನ್ನ ಶೆಡ್ಡು ಕೇಳತೈತೇನು ತುಳಸಿಬಾಯಿ ಎಲ್ಲಿ ಅಂತ?”

ಶಂಕರಲಿಂಗ ಕೈಯ ಕರಣೆ ತಿರುಗಿಸಿದ. “ಅದೂ ಖರೇನ ಬಿಡು,” ಎಂದ. “ಆದ್ರ ಸಂಡಾಸೂ ಬೇಕು.”

ಏನಂತೆ, ಏನಂತೆ ಎಂದು ಸಭೆ ಗುಜುಗುಟ್ಟಿತು. ಸಾಹೇಬರು ಗೀತಾಂಜಲಿಯತ್ತ ಬೆರಳು ಮಾಡಿ ನೀನೇ ಹೇಳು ಎಂದರು. ಅವಳು ಟ್ರೇ ಕೆಳಗಿಟ್ಟಳು. ಮೊದಲ ಮಾತಿಗೆ ನಾಲಿಗೆ ತೊದಲಿತು. ಎರಡನೆಯದಕ್ಕೆ ಸಲೀಸಾಯಿತು. ಆಮೇಲೆ ಅದು ಹೊಳೆಗೆ ಬಿದ್ದ ಮೀನಿನ ಹಾಗೆ ಈ ಭಾಷೆಯಿಂದ ಆ ಭಾಷೆಗೆ ಓಡತೊಡಗಿತು. ಶೆಡ್ಡನ್ನೂ ಹೇಳಿದಳು, ಸಂಡಾಸನ್ನೂ ಹೇಳಿದಳು, ಹೆಂಗಸರಿಗಾಗಿ ಕಾದು ಕೂರುವ ಶಿವವ್ವನನ್ನೂ ಹೇಳಿದಳು, ಬೈಪಾಸಿನ ಗಾಡಿಗಳನ್ನು ಹೇಳುವಾಗ ಮುಂದಿನ ಸಾಲಿನ ಮುತ್ತಿನ ಓಲೆಗಳು ಅಲ್ಲಾಡದೆ ನಿಂತದ್ದನ್ನು ಕಂಡಳು. ಡಾಕ್ಟರು ಎದ್ದರು. ತಮ್ಮ ಹೆಂಡತಿಗೆ ಎದೆನೋವು ಬಂದ ಬೆಳಿಗ್ಗೆ ಗೇಟಿನ ಎದುರು ನಾಕಾದ ಟೆಂಪೋ ಅಡ್ಡ ನಿಂತಿತ್ತು, ಕಾರು ಬೇಗ ಹೊರಗೆ ಬರಲಿಲ್ಲ ಎಂದರು. ಅದನ್ನೂ ಅವಳು ಇತ್ತ ತಿರುಗಿ ಹೇಳಿದಳು.

“ಅಜ್ಜಾರಿಗೆ ಹೇಳವಾ, ಆ ದಿನ ಟೆಂಪೋ ನೂಕಿ ದಾರಿ ಮಾಡಿದವ್ರು ನಾವ ಅಂತ,” ಎಂದಳು ತುಳಸಿಬಾಯಿ.

ಡಾಕ್ಟರು ಕೇಳಿಸಿಕೊಂಡರು. “ನೂಕಿದ್ದು ಹೌದು,” ಎಂದರು ತಡವಾಗಿ. “ಆದರೆ ಅದು ಅಲ್ಲಿ ನಿಂತದ್ದೂ ನಿಮಗಾಗಿಯೇ ಅಲ್ಲವೇ?” ಗೀತಾಂಜಲಿ ಆ ಮಾತನ್ನೂ ಕನ್ನಡಕ್ಕೆ ತಂದಳು. ಅವಳಿಗೆ ಸಂಭ್ರಮವೇ ಆಯಿತು. ಎರಡೂ ಕಡೆಯ ನಿಜ ತನ್ನೊಬ್ಬಳ ಬಾಯಿಂದಲೇ ಹೊರಬರುತ್ತಿದೆ, ತಾನು ಮುರಿದುಬಿದ್ದಿಲ್ಲ! ಕಿವಿಗಳು ಬಿಸಿಯಾಗಿದ್ದವು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

“ಈ ಶಿವವ್ವ ಯಾರು?” ಸಾಹೇಬರು ಗಡಿಯಾರ ನೋಡಿಕೊಂಡರು. “ಅವಳ ಹೆಸರು ಹೇಳುತ್ತೀರಿ, ಅವಳು ಬಂದೇ ಇಲ್ಲ. ಮಾತು ಮುಗಿಸೋಣವೇ? ಇನ್ನು ಬಂದರೂ ಕೂರಲು ಜಾಗ ಎಲ್ಲಿದೆ?”

ಮುಗಿಸೋಣ ಎಂದು ಹಿಂದಿನಿಂದ ಯಾರೋ ಕೂಗಿದರು. ಗೀತಾಂಜಲಿ ಬಾಗಿಲ ಕಡೆ ನೋಡಿದಳು. ಆಯಿ ಈಗ ಎಲ್ಲಿರಬಹುದು? ಕೊನೆಯ ರೊಟ್ಟಿ ಯಾರ ಕೈಗೆ ಕೊಟ್ಟಿರಬಹುದು? ಮೊಣಕಾಲು ಹಿಡಿದುಕೊಂಡು, ಮುಂದಿನ ಸಾಲಿನಲ್ಲಿ ತನಗೊಂದು ಜಾಗ ಕಾದಿದೆ ಎಂಬ ಗಟ್ಟಿ ನಂಬಿಕೆಯಲ್ಲಿ, ಚೌಕ ದಾಟುತ್ತಿರಬಹುದು. ಏಪ್ರನ್ನಿನ ಗಂಟು ಬಿಚ್ಚಿಹೋಗಿದ್ದೂ ತಿಳಿಯದೆ ಅವಳು ಮುಂದಿನ ಸಾಲಿಗೆ ಹೋಗಿ ನಿಂತಳು. ಕಂದು ಪರ್ಸು ಇನ್ನೂ ಅಲ್ಲೇ ಇತ್ತು, ಬಾರದ ಗೆಳತಿಯನ್ನು ಕಾಯುತ್ತ.

“ಬಾಯ್, ಪರ್ಸು ತೆಗೆಯಿರಿ.”

“ಅದು ಹಿಡಿದಿಟ್ಟ ಜಾಗ ಗೋ ಅಂಜಲಿ.” ಲುರ್ದಿನ್ ಬಾಯ್ ಹುಬ್ಬೇರಿಸಿದರು.

“ಹೌದು ಬಾಯ್. ನಾನು ಬೆಳಿಗ್ಗೆಯೇ ಹಿಡಿಯಬೇಕಿತ್ತು. ನಮ್ಮ ಆಯಿ ಬರುತ್ತಿದ್ದಾಳೆ.”

ಲುರ್ದಿನ್ ಬಾಯ್ ಅವಳ ಮುಖ ನೋಡಿದರು, ಬಾಗಿಲು ನೋಡಿದರು. ಕೆಫೆಯ ಗಾಜಿನಾಚೆ ಕುಂಕುಮ ತಿದ್ದಿಕೊಂಡ ಮುದುಕಿ ಅವರಿಗೂ ನೆನಪಾದಳೋ ಏನೋ, “ನಿನ್ನ ಆಯಿಯೇ?” ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಪರ್ಸನ್ನು ಮಡಿಲಿಗೆ ಎಳೆದುಕೊಂಡರು. ಗೀತಾಂಜಲಿ ಚೀಲದೊಳಗೆ ಕೈ ಹಾಕಿದಳು. ಈ ಸಲ ಕೈ ಬರಿದಾಗಿ ಹೊರಬರಲಿಲ್ಲ. ಗೋಡೆಗುಂಟ ನಿಂತಿದ್ದ ತುಳಸಿಬಾಯಿ ಅದನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ಶಂಕರಲಿಂಗ ಸಲಿಕೆಗಳನ್ನು ಬದಿಗೆ ಸರಿಸಿ ಬಾಗಿಲಿನಿಂದ ಮುಂದಿನ ಸಾಲಿನವರೆಗೆ ದಾರಿ ಬಿಡಿಸಿದ. ಸಾಹೇಬರು ಮೈಕನ್ನು ಕೆಳಗಿಟ್ಟು, “ಸರಿ, ಬರಲಿ, ಕಾಯೋಣ,” ಎಂದರು. ಹೊರಗೆ ಮೆಟ್ಟಿಲ ಮೇಲೆ ಗೊತ್ತಿದ್ದ ಕೆಮ್ಮು ಕೇಳಿಸಿತು.

ಚಹಾ ಬೇಕೆಂದು ಎದ್ದು ಬಂದ ಡಾಕ್ಟರು ಆ ಕುರ್ಚಿಯ ಮುಂದೆ ಒಂದು ಕ್ಷಣ ನಿಂತರು, ಕೋಲೂರಿಕೊಂಡು ಸುತ್ತುಹಾಕಿ ಹೋದರು. ಕೆಂಪು ಇಳಕಲ್ ಸೆರಗಿನ ಸಿಂಬಿ ಕುರ್ಚಿಯ ನಡುವೆ ದುಂಡಗೆ ಕೂತಿತ್ತು.